ಕತ್ತರಿ ಹಿಡಿದ ಪುಟ್ಟಿಗೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮಕ್ಕೆ ನಿನ್ನನ್ನು ವಿಡಿಯೊ ಎಡಿಟರ್ ಆಗಿ ಹಾಕಿದ್ದಾರೆಂದು ತಿಳಿದು ಸಂತೋಷವಾಯಿತು. ಅಷ್ಟೇ ಆತಂಕವೂ ಆಯಿತು, ಮುಚ್ಚಿಡುವುದಿಲ್ಲ. ಅದೇ ಕುರ್ಚಿಯಲ್ಲಿ ಬಹಳ ವರ್ಷ ಕೂತವನು ನಾನು.

ಟಿವಿಯಲ್ಲಿ ಹಸಿ ಸುಳ್ಳು ಹೇಳುವವರು ಕಡಿಮೆ ಮಗೂ. ಆಡಿದ ಮಾತೂ ನಿಜ, ತೋರಿಸಿದ ಮುಖವೂ ನಿಜ. ಎರಡನ್ನೂ ಅಂಟಿಸಿದ ಜಾಗದಲ್ಲಿ ಸುಳ್ಳು ಹುಟ್ಟುತ್ತದೆ. ಒಂದೇ ಕ್ಯಾಮೆರಾದಲ್ಲಿ ತೆಗೆದ ಸಂದರ್ಶನವನ್ನೇ ನೋಡು. ಅತಿಥಿ ಎದ್ದು ಹೋದ ಮೇಲೆ ವರದಿಗಾರ ಖಾಲಿ ಕುರ್ಚಿಗೆ ತಲೆಯಾಡಿಸುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ, ಕೇಳಿದ್ದ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳುತ್ತಾನೆ. ಮಾತನ್ನು ಕತ್ತರಿಸಿ ಜೋಡಿಸಿದ ಜಾಗ ಕಾಣದಂತೆ ಮುಚ್ಚಲು ಆ ಶಾಟ್ ಬೇಕು, ನಾವೆಲ್ಲ ಬಳಸಿದ್ದೇವೆ. ಆದರೆ ಎರಡನೇ ಸಲ ಪ್ರಶ್ನೆ ಒಂದಿಷ್ಟು ಚೂಪಾಯಿತೋ, ಮೆತ್ತಗಿನ ಪ್ರಶ್ನೆಗೆ ಕೊಟ್ಟ ಉತ್ತರ ನುಣುಚಿಕೊಂಡಂತೆ ಕಾಣುತ್ತದೆ.

ನಾನೇ ಒಮ್ಮೆ ಅಧಿಕಾರಿಯೊಬ್ಬರ ಉತ್ತರವನ್ನು 'ಹೌದು, ತಡವಾಗಿದೆ' ಎಂಬಲ್ಲಿಗೆ ಕತ್ತರಿಸಿದೆ. ಮುಂದಿನ ಮಾತಿನಲ್ಲೇ ಅವರು ಕಾರಣ ಹೇಳಿದ್ದರು, ದಾಖಲೆಯನ್ನೂ ಎತ್ತಿ ತೋರಿಸಿದ್ದರು. ಸಮಯ ಸಾಲಲಿಲ್ಲ ಅಂತ ಆಗ ಸಮಾಧಾನ ಮಾಡಿಕೊಂಡೆ. ಸಮಯ ಇತ್ತು ಪುಟ್ಟಿ. ಆ ದಾಖಲೆ ತೋರಿಸಿದ್ದರೆ ನಮ್ಮ ಕಥೆ ಸಪ್ಪೆಯಾಗುತ್ತಿತ್ತು. ದಾಖಲೆ ಹಿಡಿದ ಆ ಕೈ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅಮೆರಿಕದ ಎನ್‌ಬಿಸಿ ಟಿವಿ ವಾಹಿನಿಯಲ್ಲಿ ನಡೆದದ್ದನ್ನೂ ತಿಳಿದಿರು. 1992ರ ನವೆಂಬರ್‌ನಲ್ಲಿ ಅವರ 'ಡೇಟ್‌ಲೈನ್' ಕಾರ್ಯಕ್ರಮ, ಜನರಲ್ ಮೋಟಾರ್ಸ್‌ನ ಪಿಕಪ್ ವಾಹನಕ್ಕೆ ಪಕ್ಕದಿಂದ ಕಾರು ಗುದ್ದಿಸಿ ಬೆಂಕಿ ಹತ್ತುವುದನ್ನು ತೋರಿಸಿತು. ಬೆಂಕಿ ಹತ್ತಲೇಬೇಕೆಂದು ವಾಹನದಡಿ ಸಣ್ಣ ಆಟಿಕೆ ರಾಕೆಟ್‌ಗಳ ಎಂಜಿನ್ ಕಟ್ಟಿದ್ದನ್ನು ಮಾತ್ರ ನೋಡುಗರಿಗೆ ಹೇಳಲಿಲ್ಲ. ಕಂಪನಿ ದಾವೆ ಹೂಡಿತು. 1993ರ ಫೆಬ್ರವರಿಯಲ್ಲಿ ಎನ್‌ಬಿಸಿ ಪರದೆಯ ಮೇಲೇ ಕ್ಷಮೆ ಕೇಳಬೇಕಾಯಿತು, ಆಮೇಲೆ ಅದರ ಸುದ್ದಿ ವಿಭಾಗದ ಅಧ್ಯಕ್ಷರೂ ಹುದ್ದೆ ಬಿಟ್ಟರು. ನನಗೆ ನೋವಾಗುವುದು ಇಲ್ಲಿ: ಆ ವಾಹನಗಳ ಇಂಧನ ಟ್ಯಾಂಕು ಚೌಕಟ್ಟಿನ ಹೊರಬದಿಗಿತ್ತು, ಅಪಘಾತದ ಬೆಂಕಿಗೆ ಸಿಕ್ಕಿ ಸತ್ತವರಿದ್ದರು, ಮನೆಯವರು ಕೋರ್ಟಿಗೆ ಹೋಗಿದ್ದರು. ಆ ವಾಹನ ಸುರಕ್ಷಿತವೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಒಂದು ನಿಮಿಷದ ಬೆಂಕಿಯ ದೃಶ್ಯಕ್ಕೆ ಆಸೆಪಟ್ಟು ಆ ಪ್ರಶ್ನೆಯ ಮೇಲೇ ಜನರಿಗೆ ಅನುಮಾನ ಬರುವಂತೆ ಮಾಡಿಟ್ಟರು.

ಇನ್ನು ನಿನ್ನ ಕೆಲಸ. ಪ್ರೊಡ್ಯೂಸರ್ ಗುರುತು ಹಾಕಿಕೊಟ್ಟ ತುಂಡುಗಳನ್ನಷ್ಟೇ ನೋಡಿ ಕೂರಬೇಡ, ಮೂಲ ದೃಶ್ಯ ಪೂರ್ತಿ ನೋಡು. ಉತ್ತರ ಯಾವ ಪ್ರಶ್ನೆಗೆ ಬಂತೋ ಅದರ ಪಕ್ಕದಲ್ಲೇ ಇರಲಿ. ಹಳೇ ದೃಶ್ಯಕ್ಕೆ ತಾರೀಕು ಹಾಕಿಸು. ಎಲ್ಲ ಮುಗಿದ ಮೇಲೆ ಹಿನ್ನೆಲೆ ಸಂಗೀತ ತೆಗೆದು ಒಮ್ಮೆ ನೋಡು. ಆರೋಪಕ್ಕೆ ಆಧಾರ ಇದೆಯೋ, ಬರೀ ತಮಟೆಯ ಸದ್ದೋ ಗೊತ್ತಾಗುತ್ತದೆ.

ಪ್ರಸಾರಕ್ಕೆ ಹತ್ತು ನಿಮಿಷ ಇರುವಾಗ 'ಆ ವಾಕ್ಯ ತೆಗಿ' ಅಂತ ಯಾರಾದರೂ ಬಂದು ನಿಂತೇ ನಿಲ್ಲುತ್ತಾರೆ. ಯಾಕೆ ಅಂತ ಕೇಳು. ಉತ್ತರ ಸರಿಯಿಲ್ಲ ಅನ್ನಿಸಿದರೆ ಕೈ ಕಟ್ಟಿ ಕೂತುಕೋ, ನನಗೆ ಫೋನ್ ಮಾಡು. ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ನಿನ್ನ ದೊಡ್ಡಪ್ಪ