ಸಾಬೂನಿನ ತೂಕ, ಎಣ್ಣೆ ಮತ್ತು ಬೆಲೆಯ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಶಿರಸಿ, ಡಿಸೆಂಬರ್ 2025

ಮಾನ್ಯ ಗ್ರಾಹಕರಿಗೆ ವಂದನೆಗಳು.

ಬರುವ ಜನವರಿಯಿಂದ ನಿಮ್ಮ ಕೈಸೇರುವ ನಮ್ಮ ಸಾಬೂನು ಇಷ್ಟು ದಿನ ನೀವು ಬಳಸಿದ್ದಕ್ಕಿಂತ ಬೇರೆಯಾಗಿರುತ್ತದೆ. ಅದರಲ್ಲಿ ತೆಂಗಿನೆಣ್ಣೆ ಕಡಿಮೆಯಾಗಿ ಮುರುಗಲ ತುಪ್ಪ ಸೇರಿದೆ, ಒಣಗಿಸುವ ಅವಧಿ ನಾಲ್ಕು ವಾರದಿಂದ ಏಳು ವಾರಕ್ಕೆ ಏರಿದೆ, ಬೆಲೆ 70 ರೂಪಾಯಿಯಿಂದ 85 ರೂಪಾಯಿ ಆಗಿದೆ. ಹೊದಿಕೆಯ ಮೇಲೆ ಮೊದಲಿನಂತೆ 100 ಗ್ರಾಂ ಎಂದೇ ಇರುತ್ತದೆ. ಒಳಗಿನ ಬಿಲ್ಲೆ ಕೂಡ ಇನ್ನು ಮುಂದೆ ಅಷ್ಟು ತೂಗುತ್ತದೆ. ಇಷ್ಟು ದಿನ ತೂಗುತ್ತಿರಲಿಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡು ಉಳಿದ ವಿಷಯಕ್ಕೆ ಬರುವುದು ಸರಿ ಎಂದು ಸಂಘದ ಸದಸ್ಯೆಯರೆಲ್ಲ ತೀರ್ಮಾನಿಸಿದ್ದೇವೆ.

ಕಳೆದ ಮಾರ್ಚಿನಲ್ಲಿ ಹುಬ್ಬಳ್ಳಿಯ ಗ್ರಾಹಕಿಯೊಬ್ಬರು, ಹೊದಿಕೆ ಬಿಚ್ಚಿದ ಬಿಲ್ಲೆಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಚಿತ್ರ ತೆಗೆದು ಕಳಿಸಿದ್ದರು. ತಕ್ಕಡಿ 91 ಗ್ರಾಂ ತೋರಿಸುತ್ತಿತ್ತು. ಮನೆಯಲ್ಲಿ ಇಟ್ಟಲ್ಲೇ ಒಣಗಿ ಇಳಿದಿರಬಹುದು ಎಂದು ನಾವು ಉತ್ತರ ಬರೆದೆವು. ಬರೆದ ಮೇಲೆ ಸಮಾಧಾನವಾಗದೆ ನಮ್ಮದೇ ಅಟ್ಟಣಿಗೆಯಲ್ಲಿ ಹೊದಿಕೆಗೆ ಕಾದಿದ್ದ ಹನ್ನೆರಡು ಬಿಲ್ಲೆಗಳನ್ನು ತೂಗಿ ನೋಡಿದಾಗ ಒಂದೂ 93 ಗ್ರಾಂ ದಾಟಲಿಲ್ಲ. ಕಾರಣ ಸರಳವಾಗಿತ್ತು: ಅಚ್ಚಿನಿಂದ ತೆಗೆದು ಕತ್ತರಿಸಿದ ದಿನ, ಅಂದರೆ ಸಾಬೂನು ಇನ್ನೂ ಹಸಿಯಾಗಿದ್ದಾಗ, ನಾವು ತೂಗುತ್ತಿದ್ದೆವು. ಕಾಯಿಸದೆ ಮಾಡುವ ಸಾಬೂನಿನಲ್ಲಿ ಕಾಸ್ಟಿಕ್ ಸೋಡಾ ಕರಗಿಸಲು ಹಾಕಿದ ನೀರು ಬಹುಪಾಲು ಹಾಗೆಯೇ ಉಳಿದಿರುತ್ತದೆ. ಅದು ವಾರಗಟ್ಟಲೆ ಆರುತ್ತಾ ಹೋದಂತೆ ಬಿಲ್ಲೆ ಗಟ್ಟಿಯಾಗುತ್ತದೆ, ಹಗುರವೂ ಆಗುತ್ತದೆ. ಪೊಟ್ಟಣ ಕಟ್ಟುವ ದಿನ ಮತ್ತೊಮ್ಮೆ ತೂಗಬೇಕೆಂಬುದು ಆರು ವರ್ಷ ಸಾಬೂನು ಮಾಡಿದ ನಮಗೆ ಹೊಳೆಯದೆ ಹೋದದ್ದಕ್ಕೆ ಕ್ಷಮೆ ಕೋರುತ್ತೇವೆ. ಈಗ ಬಿಲ್ಲೆಯನ್ನು 115 ಗ್ರಾಂಗೆ ಕತ್ತರಿಸುತ್ತೇವೆ. ಏಳು ವಾರದ ಬಳಿಕ ಅದು 101ರಿಂದ 103 ಗ್ರಾಂಗೆ ಬಂದು ನಿಲ್ಲುತ್ತದೆ. ಒಂದು ಸಲದ ಪಾಕಕ್ಕೆ ಮೊದಲು 72 ಬಿಲ್ಲೆ ಸಿಗುತ್ತಿತ್ತು, ಈಗ 61.

ಎಣ್ಣೆಯ ವಿಷಯ ಸ್ವಲ್ಪ ದೀರ್ಘವಾದದ್ದು. ಐದು ಕಿಲೋ ಎಣ್ಣೆಯ ನಮ್ಮ ಹಳೆಯ ಪಾಕದಲ್ಲಿ ಮೂರೂವರೆ ಕಿಲೋ ತೆಂಗಿನೆಣ್ಣೆ, ಒಂದು ಕಿಲೋ ಅಕ್ಕಿ ತೌಡಿನ ಎಣ್ಣೆ, ಅರ್ಧ ಕಿಲೋ ಹರಳೆಣ್ಣೆ ಇರುತ್ತಿತ್ತು. 2024ರ ಆರಂಭದಲ್ಲಿ ನಾವು ಕೊಳ್ಳುವ ಗಾಣದಲ್ಲಿ ಕಿಲೋಗೆ 210 ರೂಪಾಯಿ ಇದ್ದ ತೆಂಗಿನೆಣ್ಣೆ ಈ ವರ್ಷದ ಜುಲೈಯಲ್ಲಿ 430ಕ್ಕೆ ಮುಟ್ಟಿತು. ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 20,000 ರೂಪಾಯಿ ದಾಟಿದ್ದನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದೇ ವರ್ಷಕ್ಕೆ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ 12,100 ರೂಪಾಯಿ. ಬೆಂಬಲ ಬೆಲೆಗೂ ಗತಿಯಿಲ್ಲದೆ ಖರೀದಿ ಕೇಂದ್ರದ ಮುಂದೆ ಸರದಿ ನಿಂತ ಕಾಲವನ್ನು ಕಂಡ ತೆಂಗು ಬೆಳೆಗಾರರಿಗೆ ಈಗ ಒಳ್ಳೆಯ ಬೆಲೆ ಬಂದಿದ್ದರೆ ಅದನ್ನು ದೂರುವ ಮನಸ್ಸು ನಮಗಿಲ್ಲ. ಆದರೆ ಹಳೆಯ ಪಾಕವನ್ನೇ ಮುಂದುವರಿಸಿದರೆ ಬಿಲ್ಲೆಯೊಂದರ ಮೇಲೆ ತೆಂಗಿನೆಣ್ಣೆಯ ಬಾಬ್ತಿನಲ್ಲೇ ಹತ್ತು ಹನ್ನೊಂದು ರೂಪಾಯಿ ಹೆಚ್ಚು ಬೀಳುತ್ತಿತ್ತು.

ಬೆಲೆ ಒಂದೇ ಕಾರಣವಾಗಿದ್ದರೆ ಪಾಕಕ್ಕೆ ಕೈ ಹಾಕುತ್ತಿರಲಿಲ್ಲವೇನೋ. ತೆಂಗಿನೆಣ್ಣೆ ಹೆಚ್ಚಿರುವ ಸಾಬೂನು ನೊರೆಯಲ್ಲಿ ಎತ್ತಿದ ಕೈ, ಆದರೆ ಕೊಳೆಯೊಂದಿಗೆ ಚರ್ಮದ ಜಿಡ್ಡನ್ನೂ ಬಳಿದುಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ಮೈ ಬಿರಿಯುತ್ತದೆ, ಸ್ನಾನದ ನಂತರ ಕೈಕಾಲು ಬೂದಿ ಬಳಿದಂತೆ ಕಾಣುತ್ತದೆ ಎಂದು ಪ್ರತಿ ಜನವರಿಯಲ್ಲೂ ನಿಮ್ಮಲ್ಲಿ ಕೆಲವರು ಬರೆಯುತ್ತಲೇ ಇದ್ದಿರಿ.

ಮೊದಲ ಪ್ರಯತ್ನದಲ್ಲಿ ತೌಡಿನ ಎಣ್ಣೆಯನ್ನು ಅರ್ಧಕ್ಕೆ ಏರಿಸಿ ನೋಡಿದೆವು. ಮೂರು ವಾರವಾದರೂ ಬಿಲ್ಲೆ ಹಲ್ವದಂತೆ ಮೆತ್ತಗಿದ್ದು, ಹೆಬ್ಬೆರಳು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ನಾಲ್ಕು ತಿಂಗಳಿಗೆ ಅಲ್ಲಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಎದ್ದು ಹಳೆಯ ಎಣ್ಣೆಯ ಕಮಟು ವಾಸನೆ ಬಂದದ್ದರಿಂದ ಅಷ್ಟನ್ನೂ ಪಾತ್ರೆ ತೊಳೆಯಲು ಹಂಚಿಕೊಂಡೆವು. ತಾಳೆ ಎಣ್ಣೆ ಹಾಕಿ, ಅಗ್ಗವೂ ಹೌದು ಗಟ್ಟಿಯೂ ಆಗುತ್ತದೆ ಎಂದು ಸಲಹೆ ಕೊಟ್ಟವರಿದ್ದರು. ಆ ಮಾತು ಸುಳ್ಳಲ್ಲ. ಆದರೆ ತಾಳೆ ಎಣ್ಣೆ ಇಲ್ಲ ಎಂದು ಮೊದಲ ದಿನದಿಂದ ಹೊದಿಕೆಯ ಮೇಲೆ ಅಚ್ಚು ಹಾಕಿಸಿದ ಮೇಲೆ, ತೆಂಗಿನ ಬೆಲೆ ಏರಿತೆಂದು ಆ ಸಾಲನ್ನು ಸದ್ದಿಲ್ಲದೆ ಅಳಿಸುವುದು ನಮಗೆ ಸಾಧ್ಯವಾಗಲಿಲ್ಲ.

ಗಟ್ಟಿತನಕ್ಕೆ ಕೊನೆಗೆ ಒದಗಿದ್ದು ನಮ್ಮ ಬೆಟ್ಟಗಳದ್ದೇ ಮುರುಗಲು. ದಕ್ಷಿಣ ಕನ್ನಡದ ಗ್ರಾಹಕರು ಇದನ್ನು ಪುನರ್ಪುಳಿ ಎಂದು ಬಲ್ಲರು. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಿನ ಸಿಪ್ಪೆಯನ್ನು ಒಣಗಿಸಿಟ್ಟ ಮೇಲೆ ಉಳಿಯುವ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ ಆರಲು ಬಿಟ್ಟರೆ ತುಪ್ಪ ಮೇಲೆ ಕೆನೆಗಟ್ಟುತ್ತದೆ. ಅದನ್ನು ತೆಗೆದು ಉಂಡೆ ಕಟ್ಟುತ್ತಾರೆ. ಒಡೆದ ಹಿಮ್ಮಡಿಗೆ ಹಚ್ಚಲು ಮನೆಯಲ್ಲಿ ಒಂದು ಉಂಡೆ ಇರುತ್ತಿದ್ದದ್ದು ನಮ್ಮ ಸದಸ್ಯೆಯರಿಗೆಲ್ಲ ನೆನಪಿದೆ, ಆದರೂ ಸಾಬೂನಿಗೆ ಅದು ನೆನಪಾಗಲು ಇಷ್ಟು ವರ್ಷ ಹಿಡಿಯಿತು. ಕಿಲೋ ಬೀಜಕ್ಕೆ ಕಾಲು ಕಿಲೋ ತುಪ್ಪ ದಕ್ಕಿದರೆ ಹೆಚ್ಚು, ಹಾಗಾಗಿ ಅಗ್ಗವೇನಲ್ಲ. ಬೆರಳಲ್ಲಿ ಒತ್ತಿದರೆ ಮೇಣದಂತೆ ಪುಡಿಯಾಗುವಷ್ಟು ಗಟ್ಟಿಯಾದ ಈ ತುಪ್ಪ ಸ್ವಲ್ಪವೇ ಸೇರಿದರೂ ಬಿಲ್ಲೆಗೆ ಬಿಗಿ ಬರುತ್ತದೆ. ಹೊಸ ಪಾಕದಲ್ಲಿ ಎರಡು ಕಿಲೋ ತೆಂಗಿನೆಣ್ಣೆ, ಒಂದೂಮುಕ್ಕಾಲು ಕಿಲೋ ತೌಡಿನ ಎಣ್ಣೆ, ಮುಕ್ಕಾಲು ಕಿಲೋ ಮುರುಗಲ ತುಪ್ಪ, ಮೊದಲಿನಷ್ಟೇ ಹರಳೆಣ್ಣೆ ಇರುತ್ತವೆ.

ಒಂದೊಂದು ಎಣ್ಣೆಗೂ ಬೇಕಾಗುವ ಕಾಸ್ಟಿಕ್ ಸೋಡಾದ ಪ್ರಮಾಣ ಬೇರೆ. ಕಿಲೋ ತೆಂಗಿನೆಣ್ಣೆಗೆ 183 ಗ್ರಾಂ ಬೇಕಾದರೆ ತೌಡಿನ ಎಣ್ಣೆಗೆ 128 ಗ್ರಾಂ ಸಾಕು. ಆದ್ದರಿಂದ ಲೆಕ್ಕ ಹೊಸದಾಗಿ ಹಾಕಿ, ನೂರಕ್ಕೆ ಐದು ಭಾಗದಷ್ಟು ಎಣ್ಣೆ ಸಾಬೂನಾಗದೆ ಉಳಿಯುವಂತೆ ಸೋಡಾವನ್ನೂ ಅಷ್ಟೇ ಕಡಿಮೆ ಮಾಡಿದ್ದೇವೆ; ಐದು ಕಿಲೋ ಎಣ್ಣೆಗೆ ಮೊದಲು 791 ಗ್ರಾಂ ಹಾಕುತ್ತಿದ್ದಲ್ಲಿ ಈಗ 717 ಗ್ರಾಂ. ನಿಮ್ಮ ಸಾಬೂನಿನಲ್ಲಿ ಕಾಸ್ಟಿಕ್ ಇಲ್ಲವಲ್ಲ ಎಂದು ಮೇಳಗಳಲ್ಲಿ ಕೇಳುವವರಿಗೆ ಇಲ್ಲಿಯೇ ಹೇಳಿಬಿಡುತ್ತೇವೆ: ಅದಿಲ್ಲದೆ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ, ಸಾಬೂನಾಗುವುದಿಲ್ಲ. ಅಳತೆ ಸರಿಯಿದ್ದರೆ ಅದೆಲ್ಲವೂ ಎಣ್ಣೆಯೊಡನೆ ಕೂಡಿ ಮುಗಿದುಹೋಗುತ್ತದೆ, ಬಿಲ್ಲೆಯಲ್ಲಿ ಮಿಗುವುದಿಲ್ಲ.

ಹೊಸ ಸಾಬೂನಿನಲ್ಲಿ ನಿಮಗೆ ಇಷ್ಟವಾಗದೆ ಹೋಗಬಹುದಾದದ್ದೂ ಇದೆ. ಬಣ್ಣ ಹಾಲುಬಿಳಿಯಲ್ಲ, ನಸುಹಳದಿ. ನೊರೆ ಕೆನೆಯಂತೆ ಸಣ್ಣದಾಗಿ ಬರುತ್ತದೆ, ಮೊದಲಿನ ದೊಡ್ಡ ಗುಳ್ಳೆಗಳಿಲ್ಲ. ಗದಗ, ಬಾಗಲಕೋಟೆ, ವಿಜಯಪುರದ ಕಡೆ ಸವಳು ನೀರಿನ ಬೋರ್‌ವೆಲ್ ಇರುವ ಮನೆಗಳಲ್ಲಿ ನೊರೆ ಇನ್ನೂ ಕಡಿಮೆಯಾದೀತು, ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡು ಕಟ್ಟೀತು. ಆ ನೀರಿಗೆ ಹಳೆಯ ಸಾಬೂನೇ ಹೆಚ್ಚು ಹೊಂದುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಅಂಥವರು ಮೊದಲು ಒಂದೇ ಬಿಲ್ಲೆ ತರಿಸಿ ನೋಡಿ. ಮಜ್ಜಿಗೆ ಹುಲ್ಲು ಮತ್ತು ಲಾವಂಚದ ಪರಿಮಳ ಮೊದಲಿನಂತೆಯೇ ಇವೆ.

ಅವಧಿಯ ಬಗ್ಗೆ ಒಂದು ಮಾತು. ಶಿರಸಿಯ ಮಳೆಗಾಲದಲ್ಲಿ ಸಾಬೂನು ಒಣಗುವುದಿಲ್ಲ. ಅದರಲ್ಲೇ ಹುಟ್ಟುವ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ, ಅಡಿಕೆ ದಬ್ಬೆಯ ಅಟ್ಟಣಿಗೆಯ ಮೇಲೆ ಜೋಡಿಸಿದ ಬಿಲ್ಲೆಗಳು ಜುಲೈಯಲ್ಲಿ ಬೆವರಿದಂತೆ ಹನಿಗೂಡುತ್ತವೆ. ಆದ್ದರಿಂದ ಇನ್ನು ಮುಂದೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಹೊಸ ಪಾಕ ಹಾಕುವುದಿಲ್ಲ, ಬೇಸಿಗೆಯಲ್ಲಿ ಮಾಡಿಟ್ಟದ್ದನ್ನೇ ಕಳಿಸುತ್ತೇವೆ. ಮಳೆಗಾಲಕ್ಕೆ ಬೇಕಾದವರು ಏಪ್ರಿಲ್ ಒಳಗೆ ತಿಳಿಸಿದರೆ ತೆಗೆದಿಡುತ್ತೇವೆ.

ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಮೇಲಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಿರುವಾಗ ನಿಮ್ಮ ಬೆಲೆ ಏರುವುದೇಕೆ ಎಂದು ಕೆಲವರು ಕೇಳಿದ್ದಾರೆ. ನಮ್ಮ ವಹಿವಾಟು ನೋಂದಣಿಯ ಮಿತಿಯೊಳಗೇ ಇರುವುದರಿಂದ ನಿಮ್ಮಿಂದ ಆ ತೆರಿಗೆಯನ್ನು ಎಂದೂ ಪಡೆದಿಲ್ಲ. ಇಳಿಸಲು ನಮ್ಮಲ್ಲಿ ಏನೂ ಇರಲಿಲ್ಲ. 91 ಗ್ರಾಂಗೆ 70 ರೂಪಾಯಿ ಕೊಡುತ್ತಿದ್ದಾಗ ಗ್ರಾಂ ಒಂದಕ್ಕೆ 77 ಪೈಸೆ ಬೀಳುತ್ತಿತ್ತು, ಈಗ 85 ಪೈಸೆ ಬೀಳುತ್ತದೆ. ನಿಜವಾದ ಏರಿಕೆ ಅಷ್ಟು.

ಹಳೆಯ ಪಾಕದ 140 ಬಿಲ್ಲೆಗಳು ಉಳಿದಿವೆ. ಒಂದೊಂದನ್ನೂ ಮತ್ತೆ ತೂಗಿ, ಸರಿಯಾದ ತೂಕದ ಚೀಟಿ ಅಂಟಿಸಿ, 60 ರೂಪಾಯಿಗೆ ಕೊಡುತ್ತೇವೆ. ಈ ವರ್ಷ ನಮ್ಮಿಂದ ಸಾಬೂನು ಕೊಂಡವರು ಮುಂದಿನ ಬೇಡಿಕೆಯೊಡನೆ ಎಷ್ಟು ಬಿಲ್ಲೆ ಕೊಂಡಿದ್ದೀರೆಂದು ಬರೆದರೆ, ಹತ್ತಕ್ಕೆ ಒಂದರಂತೆ ಹೊಸ ಬಿಲ್ಲೆಯನ್ನು ಹಣ ಪಡೆಯದೆ ಸೇರಿಸಿ ಕಳಿಸುತ್ತೇವೆ. ರಸೀದಿ ಬೇಕಿಲ್ಲ. ಹುಬ್ಬಳ್ಳಿಯ ಗ್ರಾಹಕಿಗೆ ಅವರ ಪಾಲು ಈಗಾಗಲೇ ಹೋಗಿದೆ. ಅದನ್ನೂ ತೂಗಿ, 102 ಗ್ರಾಂ ಎಂದು ಬರೆದಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿಗಳು,
ಸಾಬೂನು ಘಟಕದ ಸದಸ್ಯೆಯರು