ಕೂಸಿನ ಜೀವ ತೆಗೆದದ್ದು ಯಾವ ತಳಿ ಅಂತ ನಮಗೂ ಗೊತ್ತಾಗಬೇಕು

ಮಾನ್ಯ ಸಂಪಾದಕರೇ,

ಹುಟ್ಟಿದ ಎರಡು ದಿನಕ್ಕೋ ಮೂರು ವಾರಕ್ಕೋ ಕೂಸು ತೀರಿಕೊಂಡರೆ ನಮ್ಮ ಕಡೆ ಕಾಗದದ ಮೇಲೆ ಬಹಳ ಸಲ ಕಾಣುವುದು ಒಂದೇ ಪದ, ಸೆಪ್ಸಿಸ್. ರಕ್ತಕ್ಕೆ ಸೋಂಕು ಹತ್ತಿತ್ತು ಅಂತ ಅರ್ಥ. ಯಾವ ರೋಗಾಣು, ಎಲ್ಲಿಂದ ಬಂತು, ಪಕ್ಕದ ತಾಲ್ಲೂಕಿನಲ್ಲಿ ಹೋದ ತಿಂಗಳು ತೀರಿಕೊಂಡ ಕೂಸಿಗೂ ಅದೇ ಹತ್ತಿತ್ತಾ ಅನ್ನೋದು ಎಲ್ಲೂ ದಾಖಲಾಗುವುದಿಲ್ಲ. ನಾನು ಸಿಂಧನೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಈ ವಿಷಯ ಬಹಳ ದಿನದಿಂದ ಮನಸ್ಸನ್ನು ಕೊರೆಯುತ್ತಿದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಹೇಳಬೇಕಿರುವುದು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಗ್ಗೆ. ಇದಕ್ಕೂ ಜಿಬಿಎಸ್ ಅಂತಾರೆ, ಆದರೆ 2025ರ ಜನವರಿಯಲ್ಲಿ ಪುಣೆಯಿಂದ ಸುದ್ದಿಯಾದ, ಕೈಕಾಲಿನ ಶಕ್ತಿ ಹೋಗುವ ಜಿಬಿಎಸ್ ಬೇರೆ, ಇದು ಬೇರೆ. ಗೊಂದಲ ಬೇಡ ಅಂತ ಬಿ ಸ್ಟ್ರೆಪ್ ಅನ್ನುತ್ತೇನೆ. ಎಮ್ಮೆ ಹಸು ಕಟ್ಟಿದವರಿಗೆ ಇದು ಹಳೇ ಶತ್ರು. ಕೆಚ್ಚಲು ಬಾವು ತರುವ ರೋಗಾಣುಗಳಲ್ಲಿ ಇದೂ ಒಂದು ಅಂತ 19ನೇ ಶತಮಾನದಲ್ಲೇ ಗೊತ್ತಾಗಿತ್ತು.

ಮನುಷ್ಯರಲ್ಲಿ ಇದು ಕರುಳಿನಲ್ಲಿ, ಹೆಂಗಸರ ಜನನ ಮಾರ್ಗದಲ್ಲಿ ಸುಮ್ನೆ ಇರುತ್ತದೆ. ಬಸುರಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಜಗತ್ತಿನಲ್ಲಿ ನೂರು ಬಸುರಿಯರನ್ನು ನೋಡಿದರೆ ಸುಮಾರು 18 ಮಂದಿಯಲ್ಲಿ ಇದು ಇರುತ್ತದೆ ಅಂತ 2017ರಲ್ಲಿ ಬಂದ ಅಂದಾಜು. ದಕ್ಷಿಣ ಏಷ್ಯಾದಲ್ಲಿ ಕಡಿಮೆ, 12 ಅಥವಾ 13. ಹೆರಿಗೆ ಹೊತ್ತಿಗೆ ತಾಯಿಯಿಂದ ಕೂಸಿಗೆ ದಾಟುತ್ತದೆ. ಹಾಗೆ ದಾಟಿದ ಕೂಸುಗಳೆಲ್ಲ ಹುಷಾರು ತಪ್ಪುವುದಿಲ್ಲ. ಏನೂ ಔಷಧಿ ಕೊಡದಿದ್ದರೂ ಇಂಥ ನೂರು ತಾಯಂದಿರಲ್ಲಿ ಒಬ್ಬಿಬ್ಬರ ಕೂಸಿಗೆ ಮಾತ್ರ ಮೊದಲ ವಾರದಲ್ಲೇ ರೋಗ ಬರುತ್ತದೆ. ಆದರೆ ಬಂದರೆ ಗಂಟೆಗಳ ಲೆಕ್ಕ. ಉಸಿರಾಡಲು ಒದ್ದಾಡುತ್ತದೆ, ನರಳುತ್ತದೆ, ಮೊಲೆ ಹಿಡಿಯುವುದಿಲ್ಲ, ಮೈ ತಣ್ಣಗಾಗುತ್ತದೆ.

ಇನ್ನೊಂದು ಬಗೆ ಒಂದು ವಾರ ಕಳೆದ ಮೇಲೆ, ಮೂರು ತಿಂಗಳ ಒಳಗೆ ಬರುವಂಥದ್ದು. ಜ್ವರ, ಮಂಕು, ಫಿಟ್ಸ್, ನೆತ್ತಿ ಉಬ್ಬುವುದು. ಮೆದುಳಿನ ಪೊರೆಗೆ ಸೋಂಕು ಹತ್ತಿದರೆ ಉಳಿದ ಮಕ್ಕಳಲ್ಲೂ ಕೆಲವರಿಗೆ ಕಿವಿ ಕೇಳುವುದಿಲ್ಲ, ಕೆಲವರಿಗೆ ಬೆಳವಣಿಗೆಯೇ ಕುಂಟುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಬಾಲಗ್ರಹ ಅಂದು ತಾಯಿತ ಕಟ್ಟಿಸಲು ಓಡುತ್ತಾರೆ. ದಯವಿಟ್ಟು ಮೊದಲು ಆಸ್ಪತ್ರೆಗೆ ಓಡಿ, ತಾಯಿತ ಆಮೇಲೆ ಕಟ್ಟಿಸಿದರೂ ಆಯಿತು.

ಒಂದು ಮಾತು ಖಡಕ್ಕಾಗಿ ಹೇಳಬೇಕು. ಪರೀಕ್ಷೆಯಲ್ಲಿ ಬಿ ಸ್ಟ್ರೆಪ್ ಬಂತು ಅಂದರೆ ಆ ಹೆಣ್ಣುಮಗಳು ಏನೋ ತಪ್ಪು ಮಾಡಿದ್ದಾಳೆ ಅಂತ ಅಲ್ಲ. ಗಂಡಸರ ಕರುಳಿನಲ್ಲೂ ಇದು ಇರುತ್ತದೆ. ಮೈ ಸ್ವಚ್ಛ ಇಟ್ಟುಕೊಂಡಿಲ್ಲ ಅಂತಲೂ ಅಲ್ಲ. ಅತ್ತೆ, ಗಂಡ, ಓಣಿಯವರು ಸೇರಿ ಆಕೆಯನ್ನು ದೂರುವ ಹಾಗಾದರೆ ಯಾವ ಬಸುರಿ ಪರೀಕ್ಷೆಗೆ ಒಪ್ಪುತ್ತಾಳೆ? ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವಾಗ ಈ ಮಾತು ಮೊದಲು ಬರಬೇಕು.

ಇನ್ನು ತಳಿ ವಿಷಯ. ಹೊಲದಲ್ಲಿರುವುದೆಲ್ಲ ಭತ್ತವೇ, ಆದರೂ ಸೋನಾ ಮಸೂರಿನೋ ಆರ್‌ಎನ್‌ಆರೋ ಅಂತ ನೋಡದೆ ಗಂಗಾವತಿ ಮಿಲ್ಲಿನವರು ದರ ಹೇಳುತ್ತಾರಾ? ಬಿ ಸ್ಟ್ರೆಪ್‌ನಲ್ಲೂ ಹಾಗೆ. ಹೊರಗಿನ ಸಕ್ಕರೆ ಪೊರೆಯ ಮೇಲೆ 1ಎ, 1ಬಿ, ಆಮೇಲೆ 2ರಿಂದ 9ರವರೆಗೆ, ಒಟ್ಟು 10 ಬಗೆ. ಇದರ ಒಳಗೆ ಇನ್ನೂ ಸೂಕ್ಷ್ಮವಾಗಿ, 7 ವಂಶವಾಹಿಗಳನ್ನು ಓದಿ ತಳಿಗೆ ನಂಬರ್ ಕೊಡುವ ವಿಧಾನ 2003ರಿಂದ ಇದೆ. ಈಗ ಇಡೀ ಜೀನೋಮನ್ನೇ, ಅಂದರೆ ಎಲ್ಲ ವಂಶವಾಹಿಗಳನ್ನೂ, ಓದುತ್ತಾರೆ. 3ನೇ ಬಗೆಯ ಪೊರೆ ಇರುವ 17ನೇ ನಂಬರಿನ ತಳಿ ಹಸುಗೂಸುಗಳ ಮೆದುಳಿನ ಪೊರೆಗೆ ನುಗ್ಗುವುದರಲ್ಲಿ ಬಹಳ ಕೆಟ್ಟದ್ದು ಅಂತ ಹಲವು ದೇಶಗಳಲ್ಲಿ ಕಂಡಿದೆ. ಅದು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇದೆಯಾ? ಇದ್ದರೆ ಎಷ್ಟು? ಇದಕ್ಕೆ ನಮ್ಮ ಹತ್ತಿರವೇ ಉತ್ತರ ಇರಬೇಕಲ್ವಾ?

ತಳಿ ಗುರುತಿಸಿದರೆ ಏನು ಉಪಯೋಗ ಅಂತ ಕೇಳುವವರಿಗೆ ಸಿಂಗಪುರದ ಉದಾಹರಣೆ ಸಾಕು. 2015ರಲ್ಲಿ ಅಲ್ಲಿ ದೊಡ್ಡವರಿಗೇ, ಅದೂ ಗಟ್ಟಿಮುಟ್ಟಾಗಿದ್ದವರಿಗೆ, ಬಿ ಸ್ಟ್ರೆಪ್ ಜಾಸ್ತಿ ಬರಲು ಶುರುವಾಯಿತು. ತಳಿ ನೋಡಿದರೆ ಬಹುಪಾಲು ಒಂದೇ ನಂಬರು, 283. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಹಸಿಯಾಗಿ ತಿನ್ನುವ ಸಿಹಿನೀರಿನ ಮೀನು. ಸಿಹಿನೀರಿನ ಮೀನನ್ನು ಹಸಿಯಾಗಿ ಬಡಿಸುವುದನ್ನು ಸರ್ಕಾರ ನಿಲ್ಲಿಸಿತು. ನಾವು ಮೀನು ಬೇಯಿಸಿಯೇ ತಿನ್ನುವವರು, ಹೆದರಬೇಕಿಲ್ಲ. ಆದರೆ ತಳಿ ನೋಡದಿದ್ದರೆ ಅವರಿಗೂ ಅದು ಬಿಡಿಬಿಡಿ ಜ್ವರಗಳಾಗಿಯೇ ಉಳಿಯುತ್ತಿತ್ತು.

ನಮಗೆ ಇದಕ್ಕಿಂತ ದೊಡ್ಡ ಕಾರಣ ಲಸಿಕೆ. ಹೆರಿಗೆ ನೋವು ಶುರುವಾದಾಗ, ಮಗು ಹುಟ್ಟುವ ನಾಲ್ಕು ಗಂಟೆಗಾದರೂ ಮುಂಚೆ ತಾಯಿಗೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರೆ ಮೊದಲ ವಾರದ ರೋಗ ಬಹಳಷ್ಟು ತಪ್ಪುತ್ತದೆ. ಅಮೆರಿಕದಲ್ಲಿ 1990ರ ದಶಕದ ಶುರುವಿನಲ್ಲಿ 1,000 ಹೆರಿಗೆಗೆ ಸುಮಾರು 1.8 ಇದ್ದದ್ದು 2015ರ ಹೊತ್ತಿಗೆ 0.23ಕ್ಕೆ ಇಳಿಯಿತು. ಆದರೆ ವಾರ ದಾಟಿ ಬರುವ ರೋಗವನ್ನು ಈ ಇಂಜೆಕ್ಷನ್ ತಡೆಯುವುದಿಲ್ಲ. ಅದಕ್ಕೆ ಬಸುರಿಯರಿಗೆ ಕೊಡುವ ಲಸಿಕೆಯೇ ಬೇಕು. 6 ಬಗೆಯ ಪೊರೆಗಳ ವಿರುದ್ಧ, ಅಂದರೆ 1ಎ, 1ಬಿ, 2, 3, 4, 5ರ ವಿರುದ್ಧ ಫೈಜರ್ ಮಾಡುತ್ತಿರುವ ಲಸಿಕೆಯ ಎರಡನೇ ಹಂತದ ಫಲಿತಾಂಶ 2023ರಲ್ಲಿ ಬಂತು. ನಾಳೆ ಇಂಥ ಲಸಿಕೆ ಬಂದಾಗ ನಮ್ಮ ಕೂಸುಗಳನ್ನು ಕಾಡುವುದು ಈ ಆರರಲ್ಲೇ ಇದೆಯಾ, ಹೊರಗಿದೆಯಾ ಅಂತ ಹೇಳೋರು ಯಾರು? ಲಸಿಕೆ ಕೊಡಲು ಶುರು ಮಾಡಿದ ಮೇಲೆ ಲೆಕ್ಕ ಹಾಕಿದರೆ ಮೊದಲು ಹೇಗಿತ್ತು ಅಂತ ಗೊತ್ತಾಗಲ್ಲ. ಈ ಬ್ಯಾಕ್ಟೀರಿಯಾ ಪೊರೆಯನ್ನು ಬದಲಿಸಿಕೊಳ್ಳುವುದೂ ಉಂಟು, ಹಾಗಾಗಿ ಒಂದು ಸಲ ನೋಡಿ ಬಿಡುವ ಕೆಲಸವಲ್ಲ.

ಪೆನಿಸಿಲಿನ್ ಒಗ್ಗದವರಿಗೆ ಕೊಡುವ ಕ್ಲಿಂಡಾಮೈಸಿನ್‌ಗೆ ಎಷ್ಟೋ ತಳಿಗಳು ಈಗ ಬಗ್ಗುವುದಿಲ್ಲ. ಪೆನಿಸಿಲಿನ್‌ಗೇ ಬಗ್ಗದ ಬಿ ಸ್ಟ್ರೆಪ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತನ್ನ ಎಚ್ಚರಿಕೆ ಪಟ್ಟಿಗೆ ಸೇರಿಸಿದೆ.

"ನಮ್ಮ ದೇಶದಲ್ಲಿ ಇದು ಅಪರೂಪ ರೀ, ನಮಗೆ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಕಾಟ" ಅಂತ ಡಾಕ್ಟರುಗಳೇ ಹೇಳುತ್ತಾರೆ. ಈ ಎರಡೂ ಬೇರೆ ಬ್ಯಾಕ್ಟೀರಿಯಾಗಳು. ಅವರ ಮಾತು ಸುಳ್ಳಲ್ಲ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇವೇ ಮೇಲಿದ್ದವು. ಆದರೆ ಲ್ಯಾಬಿನಲ್ಲಿ ಕೂತವನಾಗಿ ಹೇಳುತ್ತೇನೆ, ಬಿ ಸ್ಟ್ರೆಪ್ ತಾನಾಗಿ ಬಂದು ಕಾಣಿಸಿಕೊಳ್ಳುವ ರೋಗಾಣು ಅಲ್ಲ. ಬಸುರಿಯ ಸ್ವಾಬ್ ತೆಗೆದು ನೇರ ರೋಗಾಣು ಬೆಳೆಸುವ ಪ್ಲೇಟಿಗೆ ಹಾಕಿದರೆ ಎಷ್ಟೋ ತಪ್ಪಿಹೋಗುತ್ತದೆ. ಮೊದಲು ಅದಕ್ಕೆ ಅಂತಲೇ ಇರುವ ಪೋಷಕ ದ್ರವದಲ್ಲಿ, ಅಂದರೆ ಬ್ರಾತ್‌ನಲ್ಲಿ ಒಂದು ದಿನ ಬೆಳೆಸಿ, ಆಮೇಲೆ ಕುರಿ ರಕ್ತದ ಪ್ಲೇಟಿಗೆ ಹಾಕಬೇಕು. ಜನನ ಮಾರ್ಗದಿಂದ ಮಾತ್ರ ತೆಗೆದರೆ ಸಾಲದು, ಗುದದ್ವಾರದಿಂದಲೂ ತೆಗೆಯಬೇಕು. ಇನ್ನು ಕೂಸಿನ ರಕ್ತ ತೆಗೆಯುವುದು ಎಷ್ಟೋ ಸಲ ಆಂಟಿಬಯಾಟಿಕ್ ಕೊಟ್ಟಾದ ಮೇಲೆ, ಅದೂ ಅರ್ಧ ಎಂಎಲ್. ಹಳ್ಳಿಯಿಂದ ಬರುವ ದಾರಿಯಲ್ಲೇ ಹೋದ ಕೂಸಿನ ರಕ್ತ ಲ್ಯಾಬಿಗೆ ಬರುವುದೇ ಇಲ್ಲ. ಇಷ್ಟೆಲ್ಲ ಜರಡಿಯಲ್ಲಿ ಸೋರಿದ ಮೇಲೆ ಉಳಿದದ್ದನ್ನು ಎಣಿಸಿ ಅಪರೂಪ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ನೂರಕ್ಕೆ 12 ತಾಯಂದಿರಲ್ಲಿ ಇದ್ದರೂ ನಮ್ಮ ಮೂರು ಜಿಲ್ಲೆಯ ಹೆರಿಗೆಗಳಲ್ಲಿ ಅದು ಸಣ್ಣ ಲೆಕ್ಕ ಅಲ್ಲ.

ನಮ್ಮ ಕಡೆಗೆ ಇನ್ನೊಂದು ತೊಡಕಿದೆ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಕುಷ್ಟಗಿಯಲ್ಲಿ ತಾಯಿ ಕಾರ್ಡ್ ಮಾಡಿಸಿದವಳು ಲಿಂಗಸುಗೂರಿನಲ್ಲಿ ಹಡೆಯುತ್ತಾಳೆ, ಕೂಸಿಗೆ ಜ್ವರ ಜಾಸ್ತಿಯಾದರೆ ರಾಯಚೂರಿಗೋ ಕರ್ನೂಲಿಗೋ ಒಯ್ಯುತ್ತಾರೆ. ದೇವದುರ್ಗದ ಕಡೆಯವರು ಬಾಣಂತಿಯನ್ನೂ ಕಟ್ಟಿಕೊಂಡು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ವಾರ ದಾಟಿ ಬರುವ ರೋಗ ಹೀಗೆ ಯಾವ ಜಿಲ್ಲೆಯ ಲೆಕ್ಕಕ್ಕೂ ಸೇರುವುದಿಲ್ಲ. ಕೂಸಿನ ಲ್ಯಾಬ್ ರಿಪೋರ್ಟಿನಲ್ಲಿ ತಾಯಿ ಕಾರ್ಡ್ ನಂಬರ್ ಬರೆಯುವುದನ್ನು ಕಡ್ಡಾಯ ಮಾಡಿದರೆ ಈ ಕೊಂಡಿ ಕೂಡುತ್ತದೆ. ಹೆಸರು, ಊರು ಹೊರಗೆ ಹೋಗದ ಹಾಗೆ ನೋಡಿಕೊಂಡರೆ ಸಾಕು.

ಹಾಗಾಗಿ ನನ್ನ ಬೇಡಿಕೆ ಇದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಕೂಸಿನ ರಕ್ತದಲ್ಲಿ ಅಥವಾ ಬೆನ್ನು ನೀರಿನಲ್ಲಿ ಬಿ ಸ್ಟ್ರೆಪ್ ಸಿಕ್ಕರೆ ಆ ಪ್ಲೇಟನ್ನು ಬಿಸಾಡದೆ ಒಂದು ಕಡೆ ಕಳಿಸುವ ವ್ಯವಸ್ಥೆ ಆಗಲಿ, ಖಾಸಗಿ ಲ್ಯಾಬುಗಳೂ ಕಳಿಸಲಿ. ಆ ಒಂದು ಕಡೆ ಮೈನಸ್ 80 ಡಿಗ್ರಿ ಫ್ರೀಜರ್, ಪೊರೆಯ ಬಗೆ ನೋಡುವ ಕಿಟ್, ಪಿಸಿಆರ್ ಇರಲಿ. ಜೀನೋಮ್ ಓದುವುದನ್ನು ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಮಾಡಿಸಬಹುದು. ಜೊತೆಗೆ ಕೆಲವು ತಾಲ್ಲೂಕು ಆಸ್ಪತ್ರೆಗಳಲ್ಲಿ 36, 37ನೇ ವಾರದ ಬಸುರಿಯರ ಸ್ವಾಬ್ ನೋಡಲಿ. ಕೋವಿಡ್ ಕಾಲದಲ್ಲಿ ಇದೇ ಜಿಲ್ಲೆಗಳಲ್ಲಿ ಪಿಸಿಆರ್ ಯಂತ್ರ ಹಗಲು ರಾತ್ರಿ ಓಡಿಸಿದ ಹುಡುಗ ಹುಡುಗಿಯರು ಇನ್ನೂ ಇಲ್ಲೇ ಇದ್ದಾರೆ, ಅವರಿಗೆ ಈ ಕೆಲಸ ಹೊಸದಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಇಡೀ ರಾಜ್ಯ ಈ ಕಡೆ ತಿರುಗಿ ನೋಡಿತು, ತನಿಖೆ ಆಯಿತು, ಪತ್ರಿಕೆಗಳು ಬೆನ್ನು ಬಿಡಲಿಲ್ಲ. ಕೂಸುಗಳ ಸಾವಿಗೂ ಅಷ್ಟೇ ಬೆನ್ನು ಹತ್ತಿ ಕೇಳಿ ಅಂತ ನಿಮ್ಮಲ್ಲಿ ವಿನಂತಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮುಂದಿನ ಕ್ರಿಯಾ ಯೋಜನೆಯಲ್ಲಿ ಈ ಒಂದು ಲ್ಯಾಬಿಗೆ ದುಡ್ಡು ಇಡಿ ಅಂತ ಮೂರೂ ಜಿಲ್ಲೆಯ ಶಾಸಕರಿಗೆ ನಾವೂ ಪತ್ರ ಬರೆಯುತ್ತಿದ್ದೇವೆ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್
ಸಿಂಧನೂರು, ರಾಯಚೂರು ಜಿಲ್ಲೆ