ಆ ಕ್ಯಾಲೆಂಡರ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ, ಮಗಳೇ

ಚಿಂತಾಮಣಿ
ಸೋಮವಾರ ರಾತ್ರಿ

ಪ್ರೀತಿಯ ಮಗಳೇ,

ನಿನ್ನೆ ಫೋನಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಅಂಗಡಿಯಲ್ಲಿ ಜನ ಇದ್ದರು. ಅಶ್ಲೀಲ ವಿಡಿಯೊಗಳಿಗೆ ಕಡಿವಾಣ ಬೇಕು ಅಂತ ನಾನಂದೆ. "ಇವತ್ತು ಅದನ್ನ ಮುಚ್ಚೋಕೆ ಬಿಟ್ಟರೆ ನಾಳೆ ನಮ್ಮ ಬಾಯಿ ಮುಚ್ಚಿಸ್ತಾರಪ್ಪ" ಅಂದೆ ನೀನು. ಕಾನೂನು ಓದುತ್ತಿರುವವಳು, ನಿನ್ನ ಮಾತಲ್ಲಿ ಹುರುಳಿದೆ. ಆದರೆ ನಾನು ಯಾಕೆ ಹಾಗಂದೆ ಅನ್ನೋದು ಫೋನಲ್ಲಿ ಹೇಳುವ ವಿಷಯ ಅಲ್ಲ.

ನೀನು ಚಿಕ್ಕವಳಿದ್ದಾಗ ನಾನು ಬೇರೆಯವರ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಆಗ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಡೋದೇ ದೊಡ್ಡ ವ್ಯಾಪಾರ. ಕೆಲವರು ಕೌಂಟರ್ ಮೇಲೆ ಬಾಗಿ, "ಬೇರೆ ಏನಾದ್ರೂ ಇದೆಯಾಣ್ಣ" ಅಂತ ಮೆಲ್ಲಗೆ ಕೇಳುತ್ತಿದ್ದರು. ಇತ್ತು. ಅದಕ್ಕೇ ಅಂತ ಒಂದು ಫೋಲ್ಡರ್ ಇತ್ತು. ನಾನೂ ತುಂಬಿಸಿ ಕೊಟ್ಟಿದ್ದೇನೆ.

ಒಂದು ದಿನ ಕಾಪಿ ಸರಿಯಾಗಿ ಆಗಿದೆಯಾ ಅಂತ ಒಂದನ್ನು ತೆರೆದು ನೋಡಿದೆ. ಯಾವುದೋ ಮನೆ. ಗೋಡೆ ಮೇಲೆ ಕನ್ನಡ ಕ್ಯಾಲೆಂಡರ್, ತಾರೀಖುಗಳ ಸುತ್ತ ಪೆನ್ನಲ್ಲಿ ಹಾಕಿದ ಗುರುತು. ನಿಮ್ಮಮ್ಮ ಹಾಲಿನ ಲೆಕ್ಕಕ್ಕೆ ಹಾಕ್ತಾಳಲ್ಲ, ಥೇಟ್ ಹಾಗೇ. ಆ ಹೆಣ್ಣುಮಗಳು ಒಂದು ಸಲವೂ ಕ್ಯಾಮೆರಾ ಕಡೆ ನೋಡಲಿಲ್ಲ. ಅಲ್ಲೊಂದು ಕ್ಯಾಮೆರಾ ಇದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ಅದು ಎಷ್ಟು ಕಾರ್ಡಿಗೆ ಹೋಗಿತ್ತೋ. ರಾತ್ರಿ ಊಟ ಸೇರಲಿಲ್ಲ. ಆ ತಿಂಗಳೇ ಕೆಲಸ ಬಿಟ್ಟೆ. ಯಾಕೆ ಬಿಟ್ಟೆ ಅಂತ ನಿಮ್ಮಮ್ಮನಿಗೂ ಹೇಳಿಲ್ಲ.

ನೀನು ಮಾತಿನ ಸ್ವಾತಂತ್ರ್ಯ ಅಂದಾಗ ನನಗೆ ಆ ಕ್ಯಾಲೆಂಡರ್ ನೆನಪಾಯಿತು. ಆ ವಿಡಿಯೊದಲ್ಲಿ ಯಾರ ಮಾತಿತ್ತು? ಅವಳದ್ದಂತೂ ಅಲ್ಲ.

ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟು, ಸಭ್ಯತೆ, ನೈತಿಕತೆ ಅಂತ ಮಿತಿ ಹಾಕೋಕೂ ಜಾಗ ಬಿಟ್ಟಿದೆ. ನನಗೆ ಸಭ್ಯತೆ ಅನ್ನೋ ಅಳತೆ ಸಾಲದು. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ನೇ ಸೆಕ್ಷನ್ ಇದು ಅಶ್ಲೀಲವಾ ಅಂತ ನೋಡುತ್ತೆ. 66ಇ ಸೆಕ್ಷನ್ ಅವಳು ಒಪ್ಪಿದ್ದಳಾ ಅಂತ ಕೇಳುತ್ತೆ. ಒಪ್ಪಿಗೆ ಇಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೂ ಹಂಚಿದರೂ 3 ವರ್ಷದವರೆಗೆ ಜೈಲು. ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಅದನ್ನೇ ಅಂತೀನಿ ನಾನು.

ಸುಮ್ನೆ ಎಲ್ಲ ಮುಚ್ಚಿಬಿಡಿ ಅಂತ ನಾನು ಹೇಳಲ್ಲ. 2015ರಲ್ಲಿ ಸರ್ಕಾರ 857 ಸೈಟು ಮುಚ್ಚಲು ಹೇಳಿತ್ತು. ಪಟ್ಟಿಯಲ್ಲಿ ಬರೀ ತಮಾಷೆಯ ಸೈಟೂ ಸೇರಿಹೋಗಿತ್ತು. ಕೆಲವೇ ದಿನಕ್ಕೆ ಸರ್ಕಾರವೇ ಹಿಂದೆ ಸರಿಯಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಆದೇಶದ ಮೇಲೆ ಮತ್ತೆ 827 ಸೈಟು. ಆಗ ಪಿಯುಸಿ ಹುಡುಗರು ಬಂದು, ಮುಚ್ಚಿದ ಸೈಟನ್ನೂ ತೆರೆಯೋಕೆ ಆಗುವ ವಿಪಿಎನ್ ಆ್ಯಪ್ ಹಾಕಿಕೊಡಿ ಅಂತ ನನ್ನನ್ನೇ ಕೇಳಿದರು. ಬೆಳೆದವರು ಒಪ್ಪಿ ಮಾಡಿದ್ದನ್ನು ಬೆಳೆದವರು ಮನೆಯೊಳಗೆ ನೋಡಿದರೆ ಸರ್ಕಾರಕ್ಕೆ ಅಲ್ಲಿ ಕೆಲಸ ಇಲ್ಲ. ಇಷ್ಟನ್ನು ನಿನ್ನ ಕಡೆಗೇ ಬಿಡುತ್ತೇನೆ.

ಮಕ್ಕಳ ವಿಷಯದಲ್ಲಿ ಮಾತ್ರ ಬಿಡಲ್ಲ. ಮಕ್ಕಳನ್ನು ಬಳಸಿ ಮಾಡಿದ್ದನ್ನು ಇಟ್ಟುಕೊಳ್ಳೋದು, ನೋಡೋದೂ ಅಪರಾಧ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೀನು ಓದಿರ್ತೀಯ. ಇನ್ನು ನೋಡುವ ಮಕ್ಕಳು. ರಿಪೇರಿಗೆ ಬಂದ ಫೋನ್ ಆನ್ ಮಾಡಿದರೆ ಎಂಟನೇ ಕ್ಲಾಸ್ ಹುಡುಗ ನೋಡುತ್ತಿದ್ದದ್ದು ಹಾಗೇ ತೆರೆದುಕೊಳ್ಳುತ್ತೆ. 18 ಆಗಿದೆಯಾ ಅಂತ ಒಂದು ಬಟನ್ ಒತ್ತಿಸಿ ಕೈ ತೊಳೆದುಕೊಳ್ಳುವ ಕಂಪನಿಗಳು ವಯಸ್ಸು ನೋಡಿ ಒಳಗೆ ಬಿಡಲಿ. ಬ್ರಿಟನ್ 2025ರಿಂದ ಹಾಗೆ ಮಾಡಿಸುತ್ತಿದೆ. ಆದರೆ ಜನರ ಆಧಾರ್ ಆ ಕಂಪನಿಗಳ ಕೈಗೆ ಕೊಡಬಾರದು.

ಹೋದ ತಿಂಗಳು ಒಬ್ಬ ಹುಡುಗಿ ಬಂದಿದ್ದಳು. ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. "ಅಣ್ಣ, ನನ್ನದೊಂದು ವಿಡಿಯೊ ಹೋಗಿದೆ, ಡಿಲೀಟ್ ಮಾಡಿಕೊಡ್ತೀರಾ?" ಅವಳ ಫೋನಿನಿಂದ ಅಳಿಸಬಹುದು, ಬೇರೆಯವರ ಫೋನಿನಿಂದ ಹೇಗೆ ಅಳಿಸಲಿ? ಲಿಂಕು, ಸ್ಕ್ರೀನ್‌ಶಾಟ್ ಎತ್ತಿಡಿಸಿದೆ. 2021ರ ಐಟಿ ನಿಯಮಕ್ಕೆ 2026ರಲ್ಲಿ ಆದ ತಿದ್ದುಪಡಿಯಲ್ಲಿ, ದೂರು ಕೊಟ್ಟ 2 ಗಂಟೆಯೊಳಗೆ ಕಂಪನಿ ಅಂಥದ್ದನ್ನು ತೆಗೆಯಬೇಕು ಅಂತ ಬಂದಿದೆಯಲ್ಲ, ಅದನ್ನು ಹೇಳಿದೆ. ಜೊತೆಗೆ ಕೂತು ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿಸಿದೆ. "ನನ್ನ ಮೇಲೇ ಕೇಸ್ ಆಗಲ್ವಾ ಅಣ್ಣ" ಅಂತ ಎರಡು ಸಲ ಕೇಳಿದಳು.

ಯುಗಾದಿಗೆ ಬಂದಾಗ ಒಂದು ಸಂಜೆ ಅಂಗಡಿಯಲ್ಲಿ ಕೂತು, ಇಂಥವರು ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಸರಳವಾಗಿ ಬರೆದುಕೊಡು. ಕೌಂಟರ್ ಗಾಜಿನ ಕೆಳಗೆ ಇಡುತ್ತೇನೆ.

ನಿನ್ನ ಅಪ್ಪ